ಇಟಗಿ ನೋಡಿ, ಹರಿಗೋಲು ಹತ್ತಿ

ಇಂಗ್ಲೆಂಡಿನ ಕಾಲುವೆಗಳು ಚಳಿಗೆ ಹೆಪ್ಪುಗಟ್ಟಿದರೆ ಅಲ್ಲಿನ ದೋಣಿಮನೆಗಳು ನಿಂತಲ್ಲೇ ನಿಲ್ಲುತ್ತವೆ. ನಮ್ಮ ಕೊಪ್ಪಳ ಸೀಮೆಯ ಚಳಿ ಹಂಗಲ್ಲ. ಮಳೆಗಾಲದ ಸೆಳವು ಇಳಿದ ಮೇಲೆ, ಡಿಸೆಂಬರ್–ಜನವರಿ ಅಂದ್ರೆ ನೀರಿಗಿಳಿಯೋ ಕಾಲ.

ನನ್ನ ವಾರಾಂತ್ಯದ ಲೆಕ್ಕ ಸರಳ. ಶನಿವಾರ ಇಟಗಿ. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ ಅಲ್ಲಿದೆ. ಅಲ್ಲಿನ ಶಾಸನವೇ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಇಳಿಬಿಸಿಲಲ್ಲಿ ಅದರ ಕಂಬಗಳನ್ನು ನೋಡಬೇಕು.

ಭಾನುವಾರ ಗಂಗಾವತಿ ಕಡೆ ಹೊರಟು ಆನೆಗೊಂದಿ. ಅಲ್ಲಿ ತುಂಗಭದ್ರೆಯ ಮೇಲೆ ಹರಿಗೋಲು. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್, ಬುಟ್ಟಿಯಂಥ ದುಂಡು ದೋಣಿ, ಒಳಗೆ ಬೆತ್ತ, ಹೊರಗೆ ತೊಗಲು, 15–20 ಜನ ಕೂರಬಹುದು ಎಂದು ಬರೆದಿಟ್ಟಿದ್ದಾನೆ. ಈಗ ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು. ಆಕಾರ ಮಾತ್ರ ಅದೇ.

‘ಸೇತುವಿ ಆದಮ್ಯಾಲೆ ಊರ ಮಂದಿ ಹತ್ತೋದು ಕಮ್ಮಿ ಆತ್ರಿ. ಈಗ ಸುತ್ತಾಕ ಬರೋರ ನಮ್ಗ ಗತಿ’ ಅಂದರು ಹುಟ್ಟು ಹಾಕುತ್ತಿದ್ದ ಅಜ್ಜ.

‘ಮಗನಿಗೆ ಕಲಿಸೀರೇನು?’ ಅಂತ ಕೇಳಿದೆ.

‘ಕಲಿಸೇನ್ರಿ. ಅಂವ ಬೆಂಗಳೂರಾಗ ಕೆಲ್ಸ ಹುಡುಕಾಕತ್ತಾನ.’

ಅದೇ ಬೆಂಗಳೂರಿನಿಂದ ನಾವು ಈ ಹರಿಗೋಲು ಹುಡುಕಿಕೊಂಡು ಹೋಗಿದ್ದೆವು!

ನೀವೂ ಹೋಗಿ. ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ರೀಲ್ಸ್‌ಗಾಗಿ ಗರಗರ ತಿರುಗಿಸಿದ್ದು ಸಾಕು. ಒಮ್ಮೆ ಆಚೆ ದಡದವರೆಗೂ ಹೋಗಿ ಬನ್ನಿ. ಆ ಅಜ್ಜನ ನಿಜವಾದ ಕಸುಬು ಅದು.