ಬಿಟ್ಟುಹೋದ ಪಾಠ

ಕಳೆದ ತಿಂಗಳು ಗೇರುಸೊಪ್ಪದಿಂದ ಹೊನ್ನಾವರಕ್ಕೆ ಬರುವ ಬೆಳಗಿನ ಬಸ್ಸಿನಲ್ಲಿ ನನ್ನ ಹೈಸ್ಕೂಲಿನ ವಿಜ್ಞಾನ ಟೀಚರ್ ಸಿಕ್ಕಿದರು. ಕರೆದು ಪಕ್ಕದಲ್ಲಿ ಕೂರಿಸಿಕೊಂಡು, "ಈಗ ಯಾವ ಪಾಠ ನಡೀತಾ ಇದೆ?" ಎಂದು ಕೇಳಿದರು.

"ಮಾನವನ ಸಂತಾನೋತ್ಪತ್ತಿ, ಟೀಚರ್" ಎಂದೆ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಕಾರಣವಿದೆ. ಎಂಟನೇ ತರಗತಿಯಲ್ಲಿ ಹದಿಹರೆಯದ ಪಾಠ ಬಂದಾಗ ಅವರು, "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಮುಂದಿನ ಪಾಠಕ್ಕೆ ಹೋಗಿದ್ದರು. ಹಿಂದಿನ ಬೆಂಚಿನ ಹುಡುಗರು ನಕ್ಕರು, ನಾವು ಹುಡುಗಿಯರು ತಲೆ ತಗ್ಗಿಸಿದೆವು. ಅಮ್ಮಿಗೆ ಆ ಪುಟ ತೋರಿಸುವ ಧೈರ್ಯ ನನಗಿರಲಿಲ್ಲ. ಹತ್ತನೆಯಲ್ಲಿ ಚಿತ್ರ ಬಿಡಿಸಿ, ಭಾಗ ಗುರುತಿಸಿ ಅಂಕವನ್ನೂ ಪಡೆದೆ.

ಆ ಅಂಕ ಎಷ್ಟು ಪೊಳ್ಳು ಎಂದು ಗೊತ್ತಾದದ್ದು ಕಳೆದ ವರ್ಷ. ಏಳನೇ ತರಗತಿಯಲ್ಲಿದ್ದ ಖಾಲಾನ ಮಗಳು ಒಂದು ಸಂಜೆ ಬಚ್ಚಲುಮನೆಯಿಂದ ಅಳುತ್ತ ಬಂದು, "ಆಪಾ, ನನಗೆ ಕ್ಯಾನ್ಸರ್ ಆಗಿದೆ, ಯಾರಿಗೂ ಹೇಳಬೇಡ" ಎಂದಳು. (ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.) ಎರಡು ದಿನ ಒಬ್ಬಳೇ ಹೆದರಿಕೊಂಡು, ಹಳೆಯ ದುಪಟ್ಟಾ ಹರಿದು ಬಳಸಿದ್ದಳು. ಏನು ಮಾಡಬೇಕೆಂದು ಹೇಳಿಕೊಟ್ಟೆ. ಅದು ನನಗೆ ಗೊತ್ತಿತ್ತು. ಹೈಝ್, ಗುಸ್ಲ್‌ಗಳ ನಿಯಮಗಳನ್ನು ಮದರಸಾದಲ್ಲಿ ಮುಚ್ಚುಮರೆಯಿಲ್ಲದೆ ಕಲಿಸಿದ್ದರು. ಅವಳ ತರಗತಿ ಇನ್ನೂ ಅಲ್ಲಿಗೆ ಬಂದಿರಲಿಲ್ಲ, ಅಷ್ಟೆ. ಆದರೆ "ರಕ್ತ ಯಾಕೆ ಬರುತ್ತೆ?" ಎಂದಾಗ ನನ್ನ ಬಾಯಿ ಕಟ್ಟಿತು. ಆ 'ಯಾಕೆ' ಬಿಟ್ಟುಹೋದ ಪಾಠದಲ್ಲಿತ್ತು.

ಬಸ್ಸಿನಲ್ಲಿ ಇದನ್ನು ಹೇಳಿದೆ, ಸ್ವಲ್ಪ ಸಿಟ್ಟಿನಿಂದಲೇ. ಟೀಚರ್ ಬೇಜಾರು ಮಾಡಿಕೊಳ್ಳಲಿಲ್ಲ. "ಬಿ.ಎಡ್.ನಲ್ಲಿ ಆಮ್ಲ, ಪ್ರತ್ಯಾಮ್ಲಕ್ಕೆಲ್ಲ ಪಾಠಯೋಜನೆ ಬರೆಸಿದರು. ಇದನ್ನು ಹುಡುಗ ಹುಡುಗಿಯರ ಮುಂದೆ ಹೇಗೆ ಹೇಳಬೇಕು ಅಂತ ಒಬ್ಬರೂ ಹೇಳಿಕೊಡಲಿಲ್ಲ. ನಾಳೆ ಪಾಲಕರು ಗಲಾಟೆ ಮಾಡಿದರೆ ನನ್ನ ಜೊತೆ ಯಾರು ನಿಲ್ತಾರೆ ಮಾರಾಯ್ತಿ?" ಎಂದರು. ಇಷ್ಟು ವರ್ಷ ನಾನು ಇದನ್ನು ಯೋಚಿಸಿಯೇ ಇರಲಿಲ್ಲ.

ಅವರ ಭಯ ಸುಮ್ಮನೆ ಹುಟ್ಟಿದ್ದಲ್ಲ. 2005ರಲ್ಲಿ ಕೇಂದ್ರ ಸರ್ಕಾರ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ತಂದಾಗ ವಿರೋಧ ಎದ್ದು, 2007ರಲ್ಲಿ ಅದನ್ನು ತಡೆಹಿಡಿದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. 2020ರಲ್ಲಿ ಬಂದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರಿಗೆ, ಸಾಧ್ಯವಾದರೆ ಒಬ್ಬರು ಗಂಡು ಒಬ್ಬರು ಹೆಣ್ಣು, ತರಬೇತಿ ಕೊಡಬೇಕೆಂದಿದೆ. ಒಬ್ಬರಲ್ಲ, ಇಬ್ಬರು ಎಂದಿರುವುದೇ ನನಗೆ ಇಷ್ಟವಾಯಿತು. 2022ರ ನವೆಂಬರ್‌ನಲ್ಲಿ ಹೈಕೋರ್ಟಿನ ಧಾರವಾಡ ಪೀಠ, 9ನೇ ತರಗತಿಯಿಂದಲಾದರೂ ಮಕ್ಕಳಿಗೆ ಪೋಕ್ಸೊ ಕಾಯ್ದೆಯ ಬಗ್ಗೆ ತಿಳಿಸಬೇಕೆಂದು ಹೇಳಿತು. ಅದನ್ನು ಹೇಳುವ ಶಿಕ್ಷಕರಿಗೂ ಯಾರಾದರೂ ಮೊದಲು ಹೇಳಿಕೊಡಬೇಕಲ್ಲ.

ನಮ್ಮ ಜೀವಶಾಸ್ತ್ರ ಮೇಡಂ ಹೇಗೆ ಮಾಡಿದರು ಎಂದು ಟೀಚರ್ ಕೇಳಿದರು. ಹೇಳಿದೆ: ಪಾಠದ ಹಿಂದಿನ ದಿನ ಸೀಮೆಸುಣ್ಣದ ಖಾಲಿ ಡಬ್ಬಿ ಇಟ್ಟು, ಹೆಸರು ಬರೆಯದೆ ಪ್ರಶ್ನೆ ಹಾಕಲು ಹೇಳಿದರು. ಮರುದಿನ ಒಂದನ್ನೂ ಬಿಡದೆ ಓದಿದರು. ಮೊದಲ ಎರಡು ಚೀಟಿಗೆ ನಗು ಬಂತು, ಆಮೇಲೆ ಬರಲಿಲ್ಲ. 'ಧ್ವನಿ ಒಡೆದದ್ದಕ್ಕೆ ಎಲ್ಲರೂ ಆಡಿಕೊಳ್ಳುತ್ತಾರೆ, ಇದು ಸರಿಹೋಗುತ್ತದೆಯೇ?' ಎಂದೊಬ್ಬ ಬರೆದಿದ್ದ. ಹುಡುಗರೂ ಹೆದರುತ್ತಾರೆ ಎಂದು ನನಗೆ ತಿಳಿದದ್ದೇ ಅವತ್ತು.

"ಎಲ್ಲರಿಗೂ ಚೀಟಿ ಕೊಡಬೇಕೋ, ಬೇಕಾದವರಿಗೆ ಮಾತ್ರವೋ?" ಎಂದರು ಟೀಚರ್.

"ಎಲ್ಲರಿಗೂ. ಪ್ರಶ್ನೆ ಇಲ್ಲದವರು ಖಾಲಿ ಚೀಟಿ ಹಾಕಬೇಕು. ಆಗ ಯಾರು ಬರೆದರು ಅಂತ ಗೊತ್ತಾಗಲ್ಲ."

ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಅವರೆಂದರು: "ನಿನ್ನ ತಂಗಿ ಈ ವರ್ಷ ನನ್ನ ಕ್ಲಾಸಿನಲ್ಲೇ ಇದ್ದಾಳೆ. ಆ ಪಾಠ ದಸರಾ ರಜೆ ಮುಗಿದ ಮೇಲೆ ಬರುತ್ತೆ. ನಿಮ್ಮ ಮೇಡಂ ನಂಬರ್ ಕೊಡ್ತೀಯಾ?"

ಮೇಡಂ ಅವರನ್ನು ಕೇಳಿ, ಅದೇ ಸಂಜೆ ಕಳಿಸಿದೆ.