ನಿಜವಾದ ಮ್ಯಾಡ್ರಿಡ್ ಯಾವುದು?

ಪುತ್ತೂರಿನ ಸಮೀಪದ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಹತ್ತನೆಯ ತರಗತಿ ಓದುತ್ತಿದ್ದ ಹುಡುಗನಿಗೆ ಫುಟ್‌ಬಾಲ್ ಎಂದರೆ ಪ್ರಾಣ. ಗೋಡೆಪತ್ರಿಕೆಗೆ ತನ್ನ ಮೆಚ್ಚಿನ ತಂಡದ ಬಗ್ಗೆ ಬರೆಯಲು ಕುಳಿತವನು ಅದರ ಹೆಸರನ್ನೂ ಬಿಡದೆ ಕನ್ನಡಿಸಿದ. ರಿಯಲ್ ಮ್ಯಾಡ್ರಿಡ್, ಅಂದರೆ 'ನಿಜವಾದ ಮ್ಯಾಡ್ರಿಡ್'! ಇಂಗ್ಲಿಷಿನ ರಿಯಲ್ ನಂಬರ್ ಕನ್ನಡದಲ್ಲಿ 'ವಾಸ್ತವ ಸಂಖ್ಯೆ' ಎಂದು ಗಣಿತದ ಪುಸ್ತಕವೇ ಹೇಳುವಾಗ ಅವನಿಗಾದರೂ ಅನುಮಾನ ಏಕೆ ಬರಬೇಕು? ಮರುದಿನ ಯಾರೋ ಅದರ ಕೆಳಗೆ ಪೆನ್ಸಿಲಿನಲ್ಲಿ, 'ಹಾಗಾದರೆ ಡೂಪ್ಲಿಕೇಟ್ ಮ್ಯಾಡ್ರಿಡ್ ಎಲ್ಲಿದೆ?' ಎಂದು ಗೀಚಿದ್ದರು. ತರಗತಿಗೆ ತರಗತಿಯೇ ನಕ್ಕಿತು. ಇಂಗ್ಲಿಷ್ ತನ್ನ ಪಾಲಿಗೆ ಬಂದದ್ದಲ್ಲ, ಇನ್ನು ಮುಂದೆ ಏನನ್ನೂ ಬರೆಯುವುದಿಲ್ಲ ಎಂದು ಹುಡುಗ ಊಟ ಬಿಟ್ಟು ಮಲಗಿದ.

ತಾಯಿ ಪಿಯುಸಿವರೆಗೆ ಓದಿದವರು. ಮನೆಯಲ್ಲಿದ್ದ ಹಳೆಯ ಇಂಗ್ಲಿಷ್-ಕನ್ನಡ ನಿಘಂಟನ್ನು ತಿರುವಿದರು. ಅಲ್ಲಿಯೂ ನಿಜ, ವಾಸ್ತವ, ಇಷ್ಟೇ. ಆಮೇಲೆ ಮಗನನ್ನು ಎಬ್ಬಿಸಿ ಕೇಳಿದರು: "ಅಲ್ಲ ಮಗಾ, ಮ್ಯಾಡ್ರಿಡ್ ಇರುವುದು ಸ್ಪೇನಿನಲ್ಲಿ ಅಲ್ವಾ? ನೀನು ಇಂಗ್ಲಿಷಿನಲ್ಲಿ ಅರ್ಥ ಹುಡುಕಿದರೆ ಹೇಗೆ?"

ಪ್ರಶ್ನೆ ಸರಿಯಾಗಿಯೇ ಇತ್ತು. ಸ್ಪೇನಿನವರು ಆ ಪದವನ್ನು 'ರೆಆಲ್' ಎಂದು ಉಚ್ಚರಿಸುತ್ತಾರೆ. ಅವರಲ್ಲಿ ಅದಕ್ಕೆ 'ನಿಜವಾದ' ಎಂಬ ಅರ್ಥವೂ ಉಂಟು, 'ರಾಜನ, ರಾಜಮನೆತನದ' ಎಂಬ ಅರ್ಥವೂ ಉಂಟು. ಮೂಲದಲ್ಲಿ ಇವು ಬೇರೆ ಬೇರೆ ಪದಗಳು. ಲ್ಯಾಟಿನ್ನಿನಲ್ಲಿ 'ರೆಸ್' ಎಂದರೆ ವಸ್ತು. ಅದರಿಂದ 'ರೆಆಲಿಸ್' ಹುಟ್ಟಿತು. 'ರೆಕ್ಸ್' ಎಂದರೆ ರಾಜ (ನಮ್ಮ 'ರಾಜ'ನಿಗೆ ದೂರದ ನೆಂಟ). ಅದರಿಂದ 'ರೆಗಾಲಿಸ್' ಬಂತು. ಸ್ಪ್ಯಾನಿಷರ ಬಾಯಲ್ಲಿ ನಡುವಿನ 'ಗ'ಕಾರ ಸವೆದುಹೋಗಿ ಎರಡೂ ಒಂದೇ ರೂಪಕ್ಕೆ ಬಂದು ನಿಂತವು. ಇಂಗ್ಲಿಷಿನಲ್ಲೂ ಒಂದು ಕಾಲದಲ್ಲಿ 'ರಿಯಲ್' ಎಂದರೆ ರಾಜನದು ಎಂಬ ಅರ್ಥವಿತ್ತು. ಮುಂದೆ ಆ ಕೆಲಸವನ್ನು 'ರಾಯಲ್' ವಹಿಸಿಕೊಂಡಿತು. 'ರಿಯಲ್ ಎಸ್ಟೇಟ್'ನಲ್ಲಿರುವುದು ಮಾತ್ರ ರಾಜನಲ್ಲ, ಮೊದಲಿನ 'ವಸ್ತು'ವೇ. ಅದರಲ್ಲಿ ನಿಜ ಎಷ್ಟಿರುತ್ತದೆ ಎಂಬುದು ನಿವೇಶನ ಕೊಂಡವರಿಗೇ ಗೊತ್ತು!

ಫುಟ್‌ಬಾಲ್ ಸಂಘಕ್ಕೆ ಬರೋಣ. 1902ರಲ್ಲಿ ಹುಟ್ಟಿದಾಗ ಅದು ಬರೀ ಮ್ಯಾಡ್ರಿಡ್. 1920ರಲ್ಲಿ ದೊರೆ ಹದಿಮೂರನೆಯ ಅಲ್ಫಾನ್ಸೊ 'ರೆಆಲ್' ಎಂಬ ಬಿರುದನ್ನು ದಯಪಾಲಿಸಿದರು. 1931ರಲ್ಲಿ ಅರಸೊತ್ತಿಗೆ ಉರುಳಿ ಗಣರಾಜ್ಯ ಬಂದೊಡನೆ ಹೆಸರಿನಿಂದ ಬಿರುದೂ ಲಾಂಛನದಿಂದ ಕಿರೀಟವೂ ಹೋದವು, ಮರಳಿದ್ದು 1941ರಲ್ಲಿ. ಆ ಪದಕ್ಕೆ 'ನಿಜ' ಎಂಬುದೇ ಅರ್ಥವಾಗಿದ್ದರೆ ಅದನ್ನು ಕಿತ್ತುಹಾಕುವ ಅಗತ್ಯ ಯಾರಿಗಿತ್ತು?

ಇದನ್ನೆಲ್ಲ ತಾಯಿಯ ಮೊಬೈಲಿನಲ್ಲಿ ಹುಡುಕಿ ಓದುತ್ತಾ ಓದುತ್ತಾ ಹುಡುಗನ ಸಿಟ್ಟು ಇಳಿದಿತ್ತು. ಅಷ್ಟರಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಸ್ಪೇನಿನ ಹಳೆಯ ಬೆಳ್ಳಿ ನಾಣ್ಯದ ಹೆಸರೂ 'ರೆಆಲ್', ರಾಜನ ನಾಣ್ಯ. ಎಂಟು ರೆಆಲಿನ ದೊಡ್ಡ ನಾಣ್ಯವಂತೂ ಮೆಕ್ಸಿಕೊದಿಂದ ಚೀನಾದವರೆಗೆ ಚಲಾವಣೆಯಾಯಿತು; ಅಮೆರಿಕದಲ್ಲಿ 1857ರವರೆಗೂ ಅದಕ್ಕೆ ಕಾನೂನಿನ ಮಾನ್ಯತೆಯಿತ್ತು. ಅರಬರ ನಾಡಿಗೆ ಹೋದ ಆ ಹೆಸರು ಅಲ್ಲಿ 'ರಿಯಾಲ್' ಆಯಿತು. ಇಂದು ಸೌದಿ ಅರೇಬಿಯ, ಕತಾರ್, ಒಮಾನ್, ಯೆಮೆನ್, ಇರಾನ್ ದೇಶಗಳ ನಾಣ್ಯಕ್ಕೆ ಇರುವುದು ಅದೇ ಹೆಸರು.

ಹುಡುಗ ಮೊಬೈಲನ್ನು ಕೆಳಗಿಟ್ಟು ತಾಯಿಯ ಮುಖ ನೋಡಿದ. ಅವನ ತಂದೆ ಇರುವುದು ಸೌದಿಯ ದಮ್ಮಾಮಿನಲ್ಲಿ. ಮನೆಯ ಹೆಂಚು, ಅಕ್ಕನ ಕಾಲೇಜು, ಅವನ ಆ ಬಿಳಿ ಜೆರ್ಸಿ, ಎಲ್ಲವೂ ಬಂದದ್ದು ರಿಯಾಲಿನಿಂದಲೇ.

ಶುಕ್ರವಾರ ತಂದೆಯ ಫೋನು ಬಂದಾಗ ಹುಡುಗ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಗು. "ಹನ್ನೊಂದು ವರ್ಷದಿಂದ ಎಣಿಸಿ ಎಣಿಸಿ ಕಳಿಸ್ತಾ ಇದ್ದೇನೆ ಮಾರಾಯ. ಅದು ರಾಜನ ದುಡ್ಡು ಅಂತ ಇವತ್ತೇ ಗೊತ್ತಾದದ್ದು."

ಸೋಮವಾರ ಹುಡುಗ ಗೋಡೆಪತ್ರಿಕೆಯ ಆ ಪೆನ್ಸಿಲ್ ಸಾಲನ್ನು ಅಳಿಸಲಿಲ್ಲ. ಅದರ ಕೆಳಗೆ ಪೆನ್ನಿನಲ್ಲಿ ಉತ್ತರ ಬರೆದ: 'ಡೂಪ್ಲಿಕೇಟ್ ಮ್ಯಾಡ್ರಿಡ್ ಇಲ್ಲ. 1931ರಿಂದ 1941ರವರೆಗೆ ರಾಜನಿಲ್ಲದ ಮ್ಯಾಡ್ರಿಡ್ ಇತ್ತು.'