ಎಲೆ ಹಿಡಿದವರ ಮಾತು

ಇಸ್ಪೀಟು ಆಟದಲ್ಲಿ ಪ್ರತಿ ಮಾತಿಗೂ ರೊಕ್ಕದ ಬೆಲೆಯಿದೆ. ‘ಚಾಲ್’ ಅಂದವನು ನೋಟು ಎಣಿಸಿ ನಡುವೆ ಹಾಕಬೇಕು. ‘ಪ್ಯಾಕ್’ ಅಂದವನು ಅಲ್ಲಿಯವರೆಗೆ ಹಾಕಿದ್ದರ ಆಸೆ ಬಿಡಬೇಕು. ‘ಶೋ’ ಅಂದವನು ಎಲೆ ಬಿಚ್ಚಬೇಕು. ಬಾಯಿಂದ ಹೊರಬಿದ್ದ ಮಾತನ್ನು ಹಿಂದಕ್ಕೆ ಪಡೆಯುವಂತಿಲ್ಲ. ಹೀಗಾಗಿ ಈ ಆಟದ ಪರಿಭಾಷೆ ಚಿಕ್ಕದು, ಒರಟು, ಬಹಳ ಖಚಿತ. ಅಮೆರಿಕದ ಪೋಕರ್ ಮೇಜಿಗೂ ಇದೇ ಮಾತು ಸಲ್ಲುತ್ತದೆ. ರಾಯಬಾಗ ತಾಲ್ಲೂಕಿನ ಅಲಖನೂರಿನಂಥ ಊರುಗಳಲ್ಲಿ ದೀಪಾವಳಿ ಪಾಡ್ಯಕ್ಕೆ ಹಾಸುವ ಜಮಖಾನೆಗೂ ಸಲ್ಲುತ್ತದೆ. ಬಲಿಪಾಡ್ಯಮಿಗೆ ದ್ಯೂತ ಪ್ರತಿಪದೆ ಎಂಬ ಇನ್ನೊಂದು ಹೆಸರೇ ಇದೆ. ಆ ದಿನ ಆಡಿದರೆ ದೋಷವಿಲ್ಲ ಎಂಬ ನಂಬಿಕೆ ಹಳೆಯದು. ಆ ಒಂದು ದಿನದ ಸಲಿಗೆ ವರ್ಷವಿಡೀ ಹಬ್ಬಿಕೊಂಡ ಮನೆಗಳೂ ಇವೆ.

ಮೊದಲು ಎಲೆಗಳ ಹೆಸರು. ಕನ್ನಡಿಗರು ಇಸ್ಪೀಟಿನ ಕಾಗದವನ್ನು ಎಲೆ ಎನ್ನುತ್ತಾರೆ, ಮರಾಠಿಗರು ಪಾನ ಎನ್ನುತ್ತಾರೆ, ಹಿಂದಿಯವರು ಪತ್ತಾ ಎನ್ನುತ್ತಾರೆ. ಮೂರೂ ಗಿಡದಿಂದ ಬಂದ ಮಾತುಗಳೇ. ಬಣ್ಣಗಳ ಹೆಸರಿಗೆ ಬಂದಾಗ ದಾರಿ ಕವಲೊಡೆಯುತ್ತದೆ. ಮೈಸೂರು ಸೀಮೆಯ ಕಡೆ ಇಸ್ಪೇಟು, ಆಟೀನು, ಡೈಮನ್ನು, ಕಳಾವರು. ಗಡಿಯಾಚೆ ಮಿರಜ, ಕೊಲ್ಹಾಪುರಗಳಲ್ಲಿ ಇಸ್ಪಿಕ, ಬದಾಮ, ಚೌಕಟ, ಕಿಲವರ. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡದ ಜನಕ್ಕೆ ಎರಡು ಭಾಷೆಯೂ ಬಾಯಿಗೆ ಬರುವುದರಿಂದ ಕೆಂಪು ಹೃದಯದ ಎಲೆ ಒಬ್ಬನ ಬಾಯಲ್ಲಿ ಬದಾಮ, ಪಕ್ಕದವನ ಬಾಯಲ್ಲಿ ಆಟೀನು ಆಗಬಹುದು, ಆಟಕ್ಕೆ ತೊಡಕಿಲ್ಲ. ಕಳಾವರು, ಕಿಲವರ ಎರಡೂ ಡಚ್ಚರ ‘ಕ್ಲಾವರ್’ಗೆ, ಆಟೀನು ಅವರ ‘ಹಾರ್ಟನ್’ಗೆ ಬಹಳ ಹತ್ತಿರ ನಿಲ್ಲುತ್ತವೆ. 17ನೇ ಶತಮಾನದಲ್ಲಿ ಡಚ್ಚರ ವಖಾರಿ ಇದ್ದ ವೆಂಗುರ್ಲಾ ಬಂದರು ಬೆಳಗಾವಿ ಸೀಮೆಯಿಂದ ಘಟ್ಟ ಇಳಿದರೆ ಸಿಗುತ್ತದೆ. ಉಳಿದ ಬಣ್ಣಗಳನ್ನು ಹೊಡೆದು ಹಾಕುವ ಎಲೆಗೆ ಇರುವ ‘ತುರುಪು’ ಕೂಡ ಡಚ್ಚರ ‘ಟ್ರೂಫ್’ ಮಾತಿನ ನೆಂಟ. ಮರಾಠಿಯವರಿಗೆ ಅದು ಹುಕುಂ. ತುರುಪಿನ ಎಲೆ ಇಂದು ಆಟ ಬಿಟ್ಟು ರಾಜಕೀಯ ವರದಿಗಳಲ್ಲೇ ಹೆಚ್ಚು ಕಾಣುತ್ತದೆ. ಇಸ್ಪೀಟು ಮುಟ್ಟದವರೂ ಅದರ ಅರ್ಥ ಬಲ್ಲರು.

ಈ ಐವತ್ತೆರಡು ಎಲೆಗಳು ಬರುವ ಮೊದಲೇ ಗಂಜೀಫ ಇತ್ತು. ಸಾವಂತವಾಡಿಯಲ್ಲಿ ಇಂದಿಗೂ ದುಂಡನೆಯ ಗಂಜೀಫ ಎಲೆಗಳನ್ನು ಕೈಯಲ್ಲಿ ಬರೆದು ಅರಗಿನ ಹೊಳಪು ಕೊಡುತ್ತಾರೆ. ದಶಾವತಾರದ ಕಟ್ಟಿನಲ್ಲಿ ಹತ್ತು ಅವತಾರಕ್ಕೆ ಹತ್ತು ಬಣ್ಣ, ಒಟ್ಟು 120 ಎಲೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿ ಎಂಬ ಭಾಗವೇ ಇಂಥ ಆಟಗಳಿಗೆ ಮೀಸಲು. ದಶಾವತಾರ ಗಂಜೀಫದಲ್ಲಿ ರಾಜನಿದ್ದಾನೆ, ಪ್ರಧಾನಿಯಿದ್ದಾನೆ, ರಾಣಿ ಇಲ್ಲ. ಮೊಗಲರ 96 ಎಲೆಯ ಗಂಜೀಫದಲ್ಲಿ ‘ಗುಲಾಮ’ ಒಂದು ಇಡೀ ಬಣ್ಣದ ಹೆಸರು. ಇಂದಿನ ಕಟ್ಟಿನಲ್ಲಿ ಅವನು ರಾಣಿಯ ಕೆಳಗಿನ ಒಂದು ಎಲೆ. ಎಕ್ಕ ಮಾತ್ರ ಒಂದಾಗಿದ್ದೂ ರಾಜನ ಮೇಲೆ ಕೂತಿದೆ. 2010ರ ‘ಜಾಕಿ’ ಚಿತ್ರದ ಹಾಡಿನಿಂದ ನಾಡಿನ ಮಕ್ಕಳಿಗೂ ಬಾಯಿಪಾಠವಾದ ಎಕ್ಕ, ರಾಜ, ರಾಣಿ ಎಂಬ ಸಾಲು ಮೂರೆಲೆಯ ಆಟವಾದ ತೀನ್ ಪತ್ತಿಯಲ್ಲಿ ಎಲ್ಲಕ್ಕಿಂತ ದೊಡ್ಡ ಸೀಕ್ವೆನ್ಸ್.

ತೀನ್ ಪತ್ತಿಗೆ ಮೂಲ ಇಂಗ್ಲೆಂಡಿನ ಬ್ರ್ಯಾಗ್ ಎಂಬ ಆಟ. ಪೋಕರಿಗೂ ಅದರ ನಂಟಿದೆ. ಹೀಗಾಗಿ ತೀನ್ ಪತ್ತಿಯ ಮಾತು ಬಲ್ಲವರಿಗೆ ಪೋಕರಿನ ಮಾತು ಅರ್ಧ ಗೊತ್ತಿದ್ದ ಹಾಗೆ. ಐದು ಜನ ದುಂಡಗೆ ಕೂತಿದ್ದಾರೆ ಎಂದುಕೊಳ್ಳಬೇಕು. ಎಲೆ ಕಲಸಿ, ಕಟ್ ಮಾಡಿ, ತಲಾ ಮೂರು ಹಂಚುವ ಮೊದಲು ಪ್ರತಿಯೊಬ್ಬರೂ ಹತ್ತು ರೂಪಾಯಿ ಇಡುತ್ತಾರೆ. ಅದು ‘ಬೂಟ್’, ಪೋಕರಿನ ‘ಆಂಟಿ’ಗೆ ಸಮ. ನಡುವೆ ಐವತ್ತು ಬಿತ್ತು. ಮೊದಲಿನವನು ಎಲೆ ಮುಟ್ಟದೆ, “ಬ್ಲೈಂಡ್,” ಅಂತ ಹತ್ತು ಹಾಕುತ್ತಾನೆ. ಎರಡನೆಯವನೂ ಎಲೆ ನೋಡದೆ ಇಪ್ಪತ್ತಕ್ಕೆ ಏರಿಸುತ್ತಾನೆ. ಮೂರನೆಯವನು ಎಲೆ ಎತ್ತಿ ಅಂಚು ಸರಿಸಿ ನೋಡಿದ; ಅವನೀಗ ‘ಸೀನ್’. ನೋಡಿದವನಿಗೆ ಇಮ್ಮಡಿ ದಂಡ: ಆಟದಲ್ಲಿ ಉಳಿಯಲು ನಲವತ್ತು ಹಾಕಿ ‘ಚಾಲ್’ ಅನ್ನಬೇಕು. ನಾಲ್ಕನೆಯವನು ನೋಡಿ ಮುಖ ಸಣ್ಣದು ಮಾಡಿ, “ಪ್ಯಾಕ್,” ಅಂತ ಎಲೆ ಬೋರಲು ಹಾಕುತ್ತಾನೆ. ಐದನೆಯವನು ನೋಡಿ, ನಲವತ್ತು ಹಾಕಿ, ತನಗಿಂತ ಮೊದಲು ಚಾಲ್ ಅಂದವನ ಕಡೆ ತಿರುಗಿ, “ಸೈಡ್ ಶೋ ಕೊಡ್ತೀಯೇನೋ?” ಅಂತ ಕೇಳುತ್ತಾನೆ. ಅವನು ಒಪ್ಪಿದರೆ ಇಬ್ಬರೇ ಗುಟ್ಟಾಗಿ ಎಲೆ ತೋರಿಸಿಕೊಳ್ಳುತ್ತಾರೆ. ಸಣ್ಣ ಎಲೆಯವನು ಪ್ಯಾಕ್. ಕೊನೆಗೆ ಇಬ್ಬರೇ ಉಳಿದಾಗ ಒಬ್ಬ ಶೋ ಕೇಳಬಹುದು.

ಈ ಆಟದ ಅಪಾಯವೆಲ್ಲ ‘ಬ್ಲೈಂಡ್’ ಎಂಬ ಒಂದು ಮಾತಿನಲ್ಲಿದೆ. ನೋಡದವನು ಅರ್ಧ ಕೊಟ್ಟು ಆಡುತ್ತಾನೆ. ನೋಡಿದವನ ಕಿಸೆ ಇಮ್ಮಡಿ ವೇಗದಲ್ಲಿ ಬರಿದಾಗುತ್ತದೆ. ಒಂದು ಕಡೆ ಧೈರ್ಯಕ್ಕೆ ರಿಯಾಯಿತಿ, ಇನ್ನೊಂದು ಕಡೆ ತಿಳಿದುಕೊಂಡಿದ್ದಕ್ಕೆ ದಂಡ. ಹತ್ತು ರೂಪಾಯಿ ಹತ್ತು ಸಲ ಇಮ್ಮಡಿಯಾದರೆ 10,240 ಆಗುತ್ತದೆ. ಕಬ್ಬಿನ ಬಿಲ್ಲು ಕೈಗೆ ಬಂದ ವಾರ ಈ ಲೆಕ್ಕ ಎಷ್ಟೋ ಮನೆಗಳ ಬೀಜ, ಗೊಬ್ಬರದ ರೊಕ್ಕವನ್ನು ನುಂಗಿದೆ. ಪೋಕರಿನಲ್ಲೂ ‘ಬ್ಲೈಂಡ್’ ಇದೆ, ಅರ್ಥ ಬೇರೆ. ಅಲ್ಲಿ ಎಲೆ ಹಂಚುವವನ ಎಡಕ್ಕೆ ಕೂತ ಇಬ್ಬರು ಕಡ್ಡಾಯವಾಗಿ ಇಡಬೇಕಾದ ದುಡ್ಡಿಗೆ ಸ್ಮಾಲ್ ಬ್ಲೈಂಡ್, ಬಿಗ್ ಬ್ಲೈಂಡ್ ಎನ್ನುತ್ತಾರೆ. ಚಾಲ್‌ಗೆ ಅಲ್ಲಿ ‘ಕಾಲ್’, ಪ್ಯಾಕ್‌ಗೆ ‘ಫೋಲ್ಡ್’, ಏರಿಸುವುದಕ್ಕೆ ‘ರೇಸ್’, ಕೈಯಲ್ಲಿದ್ದದ್ದೆಲ್ಲ ಒಂದೇ ಸಲ ನೂಕುವುದಕ್ಕೆ ‘ಆಲ್ ಇನ್’.

ಎಲೆಗಳ ಕೂಟಕ್ಕೂ ಹೆಸರುಂಟು. ಮೂರೂ ಒಂದೇ ಸಂಖ್ಯೆಯವಾದರೆ ಟ್ರೇಲ್. ಒಂದೇ ಬಣ್ಣದ ಸಾಲು ಪ್ಯೂರ್ ಸೀಕ್ವೆನ್ಸ್. ಬೇರೆ ಬಣ್ಣದ ಸಾಲು ಬರೀ ಸೀಕ್ವೆನ್ಸ್. ಬಣ್ಣ ಕೂಡಿದರೆ ಕಲರ್. ಎರಡು ಕೂಡಿದರೆ ಜೋಡಿ. ಐವತ್ತೆರಡರಲ್ಲಿ ಮೂರು ಎಲೆಯನ್ನು 22,100 ಬಗೆಯಲ್ಲಿ ಆಯಬಹುದು. ಅದರಲ್ಲಿ ಟ್ರೇಲ್ 52, ಪ್ಯೂರ್ ಸೀಕ್ವೆನ್ಸ್ 48. ಅಂದರೆ ಎಲ್ಲರೂ ದೊಡ್ಡದೆಂದು ಒಪ್ಪಿದ ಟ್ರೇಲ್‌ಗಿಂತ ಅದರ ಕೆಳಗಿನ ಪ್ಯೂರ್ ಸೀಕ್ವೆನ್ಸ್ ಅಪರೂಪ. ಆಟದ ರೂಢಿ ಗಣಿತವನ್ನು ಮೀರಿ ನಿಂತಿದೆ. ಕಲರ್ 1,096 ಬಗೆ, ಸೀಕ್ವೆನ್ಸ್ 720 ಬಗೆ, ಹಾಗಾಗಿ ಇಲ್ಲಿ ಸೀಕ್ವೆನ್ಸ್ ಮೇಲು. ಐದು ಎಲೆಯ ಪೋಕರಿನಲ್ಲಿ ಇದು ತಿರುಗುಮುರುಗು: ಬಣ್ಣ ಕೂಡಿದ ‘ಫ್ಲಶ್’ 5,108, ಸಾಲು ಕೂಡಿದ ‘ಸ್ಟ್ರೇಟ್’ 10,200, ಅಲ್ಲಿ ಫ್ಲಶ್ ಮೇಲು. ತೀನ್ ಪತ್ತಿ ಆಡಿ ಪೋಕರಿಗೆ ಹೋದವರು ಮೊದಲು ಎಡವುವುದು ಇಲ್ಲಿಯೇ. ಯಾವ ಕೂಟವೂ ಆಗದ ಎಲೆ ನೂರಕ್ಕೆ ಎಪ್ಪತ್ತನಾಲ್ಕು ಸಲ ಬರುತ್ತದೆ. ಹೀಗಿದ್ದೂ ಎಲ್ಲರೂ ದೊಡ್ಡ ಎಲೆ ಬಂದವರಂತೆ ಕೂರುವುದೇ ‘ಬ್ಲಫ್’.

ಇಂದು ಪೋಕರ್ ಅಂದರೆ ಹೆಚ್ಚಾಗಿ ಟೆಕ್ಸಾಸ್ ಹೋಲ್ಡೆಮ್. ಕೈಯಲ್ಲಿ ಎರಡೇ ಎಲೆ. ನಡುವೆ ಎಲ್ಲರಿಗೂ ಸೇರಿದ ಐದು. ಮೊದಲು ಒಟ್ಟಿಗೆ ಬೀಳುವ ಮೂರು ‘ಫ್ಲಾಪ್’, ನಾಲ್ಕನೆಯದು ‘ಟರ್ನ್’, ಐದನೆಯದು ‘ರಿವರ್’. ಕೈಗೆ ಎರಡು ಎಕ್ಕ ಬಂದರೆ ‘ಬುಲೆಟ್ಸ್’ ಅನ್ನುತ್ತಾರೆ, ಎರಡು ರಾಜರಿಗೆ ‘ಕೌಬಾಯ್ಸ್’, ರಾಣಿಯರಿಗೆ ‘ಲೇಡೀಸ್’. ಎರಡು ಎಕ್ಕ ಸಿಗುವುದು ಸರಾಸರಿ 221 ಆಟಕ್ಕೊಮ್ಮೆ. ಸಿಕ್ಕರೂ ಒಬ್ಬನೇ ಎದುರಾಳಿಯ ಮುಂದೆ ನೂರಕ್ಕೆ ಹದಿನೈದು ಸಲ ಸೋಲು ಉಂಟು. ಹಾಗೆ ಗೆದ್ದೆನೆಂದುಕೊಂಡ ಆಟ ಕೊನೆಯ ಎಲೆಗೆ ಕೈಬಿಟ್ಟರೆ ‘ಬ್ಯಾಡ್ ಬೀಟ್’. ಆ ಪೆಟ್ಟಿಗೆ ತಲೆಕೆಟ್ಟು ಸಿಕ್ಕಾಪಟ್ಟೆ ಹಾಕತೊಡಗಿದವನು ‘ಟಿಲ್ಟ್’ ಆಗಿದ್ದಾನೆ ಎನ್ನುತ್ತಾರೆ. ಪಿನ್‌ಬಾಲ್ ಯಂತ್ರವನ್ನು ಅಲುಗಾಡಿಸಿದರೆ ಅದು ಆಟ ನಿಲ್ಲಿಸುತ್ತಿದ್ದುದರಿಂದ ಬಂದ ಮಾತು. ಬೆಳಗಾವಿ ಕಡೆ ಇದಕ್ಕೆ ಒಂದು ಪದವಿಲ್ಲ, ಒಂದು ವಾಕ್ಯವಿದೆ: “ಹೋದದ್ದು ತಿರುಗಿ ತಂದ ಏಳ್ತೀನಿ.” ಎಲೆಯಾಟದ ಎಲ್ಲ ಮಾತುಗಳಲ್ಲಿ ಅತ್ಯಂತ ದುಬಾರಿ ಮಾತು ಇದೇ. ಎಳಸು ಆಟಗಾರನಿಗೆ ‘ಫಿಶ್’, ಅವನನ್ನು ಕಾದು ಹಿಡಿಯುವವನಿಗೆ ‘ಶಾರ್ಕ್’, ಎಕ್ಕ ಬಾರದೆ ಅಲುಗದವನಿಗೆ ‘ರಾಕ್’. ಕಪ್ಪು ಎಕ್ಕ, ಎಂಟುಗಳ ಎರಡು ಜೋಡಿಗೆ ‘ಡೆಡ್ ಮ್ಯಾನ್ಸ್ ಹ್ಯಾಂಡ್’ ಎಂಬ ಹೆಸರು; 1876ರ ಆಗಸ್ಟ್ 2ರಂದು ಡೆಡ್‌ವುಡ್ ಊರಿನಲ್ಲಿ ಪೋಕರ್ ಆಡುತ್ತಲೇ ಗುಂಡಿಗೆ ಬಲಿಯಾದ ವೈಲ್ಡ್ ಬಿಲ್ ಹಿಕಾಕ್ ಕೈಯಲ್ಲಿ ಆ ಎಲೆಗಳಿದ್ದವು ಎಂಬ ಪ್ರತೀತಿಯಿಂದ ಬಂದದ್ದು.

ಇಷ್ಟೆಲ್ಲ ಮಾತು ಬೇಡದ ಆಟ ಅಂದರ್ ಬಾಹರ್. ನಡುವೆ ಒಂದು ಎಲೆ ಬಿಚ್ಚಿ ಇಡುತ್ತಾರೆ. ಅದೇ ಸಂಖ್ಯೆಯ ಇನ್ನೊಂದು ಎಲೆ ಒಳಗೆ ಬೀಳುತ್ತದೋ ಹೊರಗೆ ಬೀಳುತ್ತದೋ ಎಂಬುದಷ್ಟೇ ಪಣ. ಮೊದಲ ಎಲೆ ಬೀಳುವ ಕಡೆಗೆ ಗೆಲುವಿನ ಸಾಧ್ಯತೆ ನೂರಕ್ಕೆ 51.5, ಉಳಿದದ್ದು ಇನ್ನೊಂದು ಕಡೆಗೆ. ಜಾಣತನಕ್ಕೆ ಎಲ್ಲೂ ಜಾಗವಿಲ್ಲ. ಬೇಗ ಮುಗಿಯುವ, ಬೇಗ ಕಳೆಯುವ ಆಟವಾದ್ದರಿಂದಲೇ ಪೊಲೀಸರ ದಾಖಲೆಯಲ್ಲಿ ಇದರ ಹೆಸರು ಮತ್ತೆ ಮತ್ತೆ ಬರುತ್ತದೆ.

ರಮ್ಮಿಯ ಮಾತು ಬೇರೆಯೇ ಲೋಕದ್ದು. ಹದಿಮೂರು ಎಲೆ, ಜೋಕರ್, ಸೆಟ್, ಸೀಕ್ವೆನ್ಸ್. ಜೋಕರ್ ಸೇರದ ಸಾಲಿಗೆ ‘ಲೈಫ್’ ಅನ್ನುತ್ತಾರೆ. ಅದು ಆಗದೆ ಉಳಿದ ಯಾವ ಕೂಟಕ್ಕೂ ಬೆಲೆಯಿಲ್ಲ, ಫುಲ್ ಕೊಡಬೇಕು, ಹೆಚ್ಚೆಂದರೆ 80 ಪಾಯಿಂಟು. ಎಲೆ ಕೆಟ್ಟದೆಂದು ಮೊದಲೇ ಬಿಟ್ಟರೆ ಡ್ರಾಪ್, 20. ನಡುವೆ ಬಿಟ್ಟರೆ ಮಿಡಲ್ ಡ್ರಾಪ್, 40. ಯಾರು ಯಾವುದನ್ನು ಎತ್ತಿದರು, ಯಾವುದನ್ನು ಇಳಿಸಿದರು ಎಂಬ ನೆನಪೇ ಈ ಆಟದ ಬಂಡವಾಳ. 1967ರಲ್ಲಿ ಸುಪ್ರೀಂ ಕೋರ್ಟ್ ಆಂಧ್ರಪ್ರದೇಶದ ಪ್ರಕರಣವೊಂದರಲ್ಲಿ ಇದನ್ನೇ ಹೇಳಿ, ಮೂರೆಲೆಯ ಆಟದಂತೆ ರಮ್ಮಿ ಬರೀ ಅದೃಷ್ಟದ ಆಟವಲ್ಲ ಎಂದು ತೀರ್ಮಾನಿಸಿತು.

ಮಟಕಾ ಚೀಟಿಯ ಮೇಲಿನ ಮಾತುಗಳೂ ಎಲೆಯಿಂದಲೇ ಬಂದವು. ಮುಂಬಯಿಯಲ್ಲಿ ನ್ಯೂಯಾರ್ಕಿನ ಹತ್ತಿ ದರದ ಮೇಲೆ ಕಟ್ಟುತ್ತಿದ್ದ ಅಂಕಿಯಾಟ 1960ರ ದಶಕದಲ್ಲಿ ಕಲ್ಯಾಣಜಿ ಭಗತ್, ರತನ್ ಖತ್ರಿಯರ ಕೈಗೆ ಬಂದು ಎಲೆ ಎತ್ತುವ ಆಟವಾಯಿತು. ಮೂರು ಎಲೆ ಎತ್ತುತ್ತಾರೆ: 3, 6, 7 ಬಂದರೆ ಅದು ‘ಪಾನಾ’. ಕೂಡಿದರೆ 16, ಕೊನೆಯ ಅಂಕಿ 6 ‘ಓಪನ್’. ಇನ್ನೊಂದು ಸಲ ಎತ್ತಿದ್ದು ‘ಕ್ಲೋಸ್’. ಎರಡೂ ಸೇರಿ ‘ಜೋಡಿ’. ನೂರು ಜೋಡಿಯಲ್ಲಿ ಒಂದೇ ಗೆಲ್ಲುತ್ತದೆ, ಕೊಡುವುದು ರೂಪಾಯಿಗೆ ಎಂಬತ್ತೋ ತೊಂಬತ್ತೋ. ಉಳಿದದ್ದು ಬುಕ್ಕಿಯ ಪಾಲು, ತಪ್ಪದೆ, ದಿನವೂ. ಪೋಕರ್ ಕ್ಲಬ್ಬು ಪ್ರತಿ ಆಟದಿಂದ ತೆಗೆದುಕೊಳ್ಳುವ ‘ರೇಕ್’ ಇದರ ಮುಂದೆ ಸಣ್ಣದು.

ಈ ಆಟಗಳಿಗೆ ಪೊಲೀಸ್ ಠಾಣೆಯಲ್ಲೂ ಒಂದು ಕನ್ನಡವಿದೆ. ಸಾರ್ವಜನಿಕ ಸ್ಥಳದಲ್ಲಿ ದುಂಡಾಗಿ ಕುಳಿತು, ಹಣವನ್ನು ಪಣಕ್ಕೆ ಹಚ್ಚಿ, ಇಸ್ಪೀಟ್ ಜೂಜಾಟ ಆಡುತ್ತಿದ್ದಾಗ ಎಂಬ ಧಾಟಿ ಬೆಳಗಾವಿ, ವಿಜಯಪುರ ಕಡೆಯ ವರದಿಗಳನ್ನು ಓದಿದವರಿಗೆಲ್ಲ ಪರಿಚಿತ. ಕೆಳಗೆ ಹಾಸಿದ ಹಳೆ ಪೇಪರೂ 52 ಎಲೆಗಳ ಜೊತೆ ಜಪ್ತಿ ಪಟ್ಟಿಗೆ ಸೇರುತ್ತದೆ. ಬಯಲಿನ ಇಸ್ಪೀಟಿಗೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 87, ಮಟಕಾಕ್ಕೆ ಕಲಂ 78. ಕೌಶಲದ ಆಟಕ್ಕೆ ಕಲಂ 176ರಲ್ಲಿ ವಿನಾಯಿತಿ. ಇಲ್ಲಿ ‘ಪಣ’ ಎಂಬ ಮಾತು ಉಳಿದಿರುವುದು ಗಮನಿಸುವಂಥದು. ಹಳೆಯ ಕಾವ್ಯಗಳ ಜೂಜಿನ ನೆತ್ತ, ಒಡ್ಡಗಳು ಬಳಕೆ ತಪ್ಪಿದವು. ಪಣ ಠಾಣೆಯ ದಾಖಲೆಯಲ್ಲಿ ಬದುಕಿದೆ.

ಕೌಶಲದ ಆಟವಾಗಿ ಆಡಿದರೆ ಪೋಕರಿಗೆ ಪರವಾನಗಿ ಬೇಡ ಎಂಬ ನಿಲುವನ್ನು ಕರ್ನಾಟಕ ಹೈಕೋರ್ಟ್ 2013ರಲ್ಲಿ ತಳೆಯಿತು. ಬೆಂಗಳೂರಿನಲ್ಲಿ ಪೋಕರ್ ಕೋಣೆಗಳು ತೆರೆದವು. ಫೋನಿನಲ್ಲಿ ರಮ್ಮಿ, ಪೋಕರ್ ಎರಡೂ ಹಳ್ಳಿಯ ಕಟ್ಟೆಗೆ ಬಂದವು. ಕಟ್ಟೆಯಲ್ಲಿ ಆಡುವವನನ್ನು ಹೆಂಡತಿಯೋ ಅಣ್ಣನೋ ಬಂದು ಎಬ್ಬಿಸಿಕೊಂಡು ಹೋಗಬಹುದಿತ್ತು. ಹೊದಿಕೆಯೊಳಗೆ ಆಡುವವನನ್ನು ಎಬ್ಬಿಸುವವರಿಲ್ಲ. ರಾಜ್ಯ ಸರ್ಕಾರ 2021ರ ಅಕ್ಟೋಬರಿನಲ್ಲಿ ತಿದ್ದುಪಡಿ ಕಾಯ್ದೆ ತಂದು ಹಣ ಕಟ್ಟುವ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವೇ ಕಾನೂನು ಮಾಡಿ, ಕೌಶಲ, ಅದೃಷ್ಟ ಎಂಬ ಭೇದವನ್ನು ಬದಿಗಿಟ್ಟು, ದುಡ್ಡಿನ ಆನ್‌ಲೈನ್ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ ಎಂದಿತು. ಆಡಿದವರಿಗೆ ಅದರಲ್ಲಿ ಶಿಕ್ಷೆಯಿಲ್ಲ. ಅವರನ್ನು ಮೋಸ ಹೋದವರೆಂದು ಸರ್ಕಾರ ಎಣಿಸಿತು. ಅಷ್ಟರಲ್ಲಿ ಫೋನಿನ ಆಟ ಕಲಿಸಿದ ‘ಪೂಲ್’, ‘ಬೈ ಇನ್’, ‘ಟೇಬಲ್’ ಎಂಬ ಮಾತುಗಳು ಚಾಲ್, ಪ್ಯಾಕ್, ಶೋಗಳ ಸಾಲಿಗೆ ಸೇರಿಕೊಂಡಿದ್ದವು.